ಉಳಿದ ಹೊತ್ತು ಯಾರ ಪಾಲಿಗೆ?

ಹೊತ್ತು ಉಳಿಸುವ ಯಂತ್ರಗಳು ಬಂದಿವೆ, ಬದುಕು ಹಸನಾಗಿದೆ ಎನ್ನುವುದು ಒಂದು ಮಾತು. ಮಿಕ್ಸಿ, ವಾಷಿಂಗ್ ಮೆಷಿನ್ನು, ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನು. ಇವುಗಳಿಂದಲೇ ಬದುಕು ಕೆಟ್ಟಿತು, ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಜಾಹೀರಾತಿನವರು ಆಡುತ್ತಾರೆ, ಎರಡನೆಯದನ್ನು ಹೊಟ್ಟೆ ತುಂಬಿದ ಸಾಹಿತಿಗಳು ಆಡುತ್ತಾರೆ. ಎರಡರಲ್ಲೂ ದುಡಿಯುವವರ ಸುದ್ದಿಯೇ ಇಲ್ಲ. ಆದ್ದರಿಂದ ಎರಡನ್ನೂ ನಾವು ಪ್ರಶ್ನಿಸಬೇಕಾಗಿದೆ.

ಮೊದಲು ಸಾಹಿತಿಗಳ ಮಾತು ನೋಡೋಣ. ಬೀಸುವ ಕಲ್ಲು ಹೋಯಿತು, ಒನಕೆ ಹೋಯಿತು, ಅವುಗಳ ಜೊತೆ ಹಾಡೂ ಹೋಯಿತು ಎಂದು ಮರುಗುವ ಬರಹಗಳನ್ನು ನಾವು ಓದುತ್ತಲೇ ಬಂದಿದ್ದೇವೆ. ಆ ಹಾಡುಗಳು ನಮ್ಮ ಅವ್ವಂದಿರವು, ಅವುಗಳ ಬೆಲೆ ನಮಗೆ ಗೊತ್ತು. ಆದರೆ ಅವು ಹುಟ್ಟಿದ್ದು ಎಲ್ಲಿ? ಕೋಳಿ ಕೂಗೋ ಮೊದಲೇ ಎದ್ದು ರಾಗಿ ಬೀಸಿ, ಮುದ್ದೆ ಬೇಯಿಸಿಟ್ಟು, ಹೊತ್ತು ಮೂಡುವಾಗ ಗೌಡರ ಹೊಲಕ್ಕೆ ಕೂಲಿಗೆ ಓಡಬೇಕಾಗಿದ್ದ ಹೆಂಗಸಿನ ರಟ್ಟೆ ನೋವಿನಲ್ಲಿ. ಊರಿಗೆ ಹಿಟ್ಟಿನ ಮಿಲ್ಲು ಬಂದಾಗ ಆಕೆ ಅಳಲಿಲ್ಲ. ಕಲ್ಲನ್ನು ಮೂಲೆಗೆ ತಳ್ಳಿ ಒಂದು ಗಳಿಗೆ ಹೆಚ್ಚು ಮಲಗಿದಳು. ಆ ಗಳಿಗೆ ನಿದ್ದೆಯ ಬೆಲೆ ತಿಳಿಯದೆ ಜನಪದದ ಮಾತಾಡುವುದು ಆತ್ಮವಂಚನೆ.

ಈ ಜಗಳ ಹೊಸದೇನಲ್ಲ. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ಯಂತ್ರ ನಾಗರಿಕತೆಯನ್ನು ಕಟುವಾಗಿ ಖಂಡಿಸಿದರು. ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿದ 1945ರ ತಮ್ಮ ಗ್ರಂಥದಲ್ಲಿ ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ಟರು. ಅವರ ವಾದ ನೇರವಾದದ್ದು. ಮನುಷ್ಯ ಪ್ರಾಣಿಗಿಂತ ಬೇರೆಯಾಗುವುದು ಸಂಸ್ಕೃತಿಯಿಂದ. ಸಂಸ್ಕೃತಿಗೆ ಬಿಡುವು ಬೇಕು. ಬೆಳಗಿನಿಂದ ರಾತ್ರಿಯವರೆಗೆ ಹೊಟ್ಟೆಪಾಡಿಗೆ ದುಡಿದು ಬೀಳುವವನಿಗೆ ಬಿಡುವು ಎಲ್ಲಿಂದ ಬಂತು? ಯಂತ್ರ ಅದನ್ನು ಕೊಡಬಲ್ಲದು. ಯಂತ್ರದಿಂದ ಕೇಡಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರೇ ನುಂಗುವಂತೆ ಕಟ್ಟಿರುವ ಸಮಾಜದ್ದು.

ಹಾಗಾದರೆ ನಮಗೆ ಅಳತೆಗೋಲು ಸಿಕ್ಕಿತು. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬೇಕಾಗಿಲ್ಲ. ಅದು ಉಳಿಸಿದ ಹೊತ್ತು ಯಾರ ಪಾಲಿಗೆ ಹೋಯಿತು ಎಂದು ಕೇಳಬೇಕು.

ಮನೆಯಿಂದಲೇ ಶುರು ಮಾಡೋಣ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 2019ರಲ್ಲಿ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷ ಸವೆಸುತ್ತಿದ್ದಳು. 2024ರಲ್ಲಿ ಅದು 289 ನಿಮಿಷ. ಐದು ವರ್ಷಕ್ಕೆ ಉಳಿದದ್ದು ಹತ್ತು ನಿಮಿಷ! ಅದೇ ಮನೆಗೆಲಸಕ್ಕೆ ಕೈಹಾಕುವ ಗಂಡಸಿನ ಲೆಕ್ಕ 97ರಿಂದ 88 ನಿಮಿಷಕ್ಕೆ ಇಳಿಯಿತು. ಕುಕ್ಕರು ಕೂಗಿದರೇನು, ಮಿಕ್ಸಿ ತಿರುಗಿದರೇನು? ಅದರ ಮುಂದೆ ನಿಂತಿರೋಳು ಅವಳೇ. ಕೆಲಸ ಹಂಚಿಕೊಳ್ಳುವ ಬದಲು ನಾವು ಗಂಡಸರು ಯಂತ್ರ ಕೊಡಿಸಿ ಕೈ ತೊಳೆದುಕೊಂಡಿದ್ದೇವೆ. ಜಾತಿಯ ಬಗ್ಗೆ ಭಾಷಣ ಬಿಗಿದು ಮನೆಗೆ ಬಂದು ತಟ್ಟೆ ಮುಂದೆ ಕೂರುವ ಸಂಗಾತಿಗಳಿಗೂ ಈ ಮಾತು ಸಲ್ಲುತ್ತದೆ.

ಇನ್ನು ಫೋನಿನ ವಿಚಾರ. ಇದರಿಂದ ಉಪಯೋಗವಿಲ್ಲ ಎಂದರೆ ಸುಳ್ಳಾದೀತು. ದುಡಿಯಲು ದೂರದೂರಿಗೆ ಹೋದ ಮಗನ ದನಿ ಕೇರಿಯ ತಾಯಿಗೆ ಕೇಳಿಸುತ್ತದೆ. ದೌರ್ಜನ್ಯ ನಡೆದರೆ ಚಿತ್ರ ತೆಗೆದು ಗಳಿಗೆಯಲ್ಲಿ ಊರಾಚೆ ಮುಟ್ಟಿಸಬಹುದು. ಇವು ಸಣ್ಣ ಸಂಗತಿಗಳಲ್ಲ. ಆದರೆ ಅದೇ ಫೋನು ಯಜಮಾನನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಉದ್ಯೋಗ ಖಾತ್ರಿಯ ಕತೆ ಸಾಕ್ಷಿ.

2005ರ ಉದ್ಯೋಗ ಖಾತ್ರಿ ಕಾಯ್ದೆಯ ಕೆಲಸಕ್ಕೆ 2021ರಲ್ಲಿ ಒಂದು ಹಾಜರಿ ಆ್ಯಪ್ ಬಂತು. 2023ರ ಜನವರಿ 1ರಿಂದ ಅದು ಎಲ್ಲ ಕಡೆ ಕಡ್ಡಾಯವಾಯಿತು. ದಿನಕ್ಕೆರಡು ಸಲ ಕೂಲಿಕಾರರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಕಳಿಸಬೇಕಾಗಿತ್ತು. ಮಣ್ಣಿನ ಕೆಲಸ ಅಳತೆಯ ಮೇಲೆ ನಡೆಯುವಂಥದು. ಬೇಗ ಅಗೆದು ಮುಗಿಸಿದವರು ಬಿಸಿಲೇರುವ ಮೊದಲೇ ಮನೆಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು. ಆ್ಯಪ್ ಬಂದ ಮೇಲೆ, ಗುಂಡಿ ತೋಡಿ ಮುಗಿಸಿದ್ದರೂ ಎರಡನೇ ಫೋಟೊಗಾಗಿ ಕಾಯಬೇಕಾಯಿತು. ನೆಟ್‌ವರ್ಕ್ ಸಿಗದಿದ್ದರೆ ಬೆವರು ಸುರಿಸಿದ್ದಕ್ಕೂ ಲೆಕ್ಕವಿಲ್ಲ, ಕೂಲಿಯೂ ಇಲ್ಲ. ಇದನ್ನು ವಿರೋಧಿಸಿ 2023ರ ಫೆಬ್ರವರಿಯಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಕಳ್ಳತನ ತಡೆಯೋಕೆ ಇದು ಎಂದರು. ಕಳ್ಳತನ ನಿಂತಿತೇ? ಫೋಟೊವನ್ನೇ ಫೋಟೊ ತೆಗೆದು ಏರಿಸುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ಕದಿಯುವವನು ಕದ್ದ, ಬಿಸಿಲಲ್ಲಿ ಕಾದವಳು ಕಾದಳು. ಅಧಿಕಾರಿಯ ಹೊತ್ತು ಉಳಿಯಿತು, ಕೂಲಿಯವಳ ಹೊತ್ತು ಹೋಯಿತು.

ಹಳ್ಳಿ ಮೇಷ್ಟ್ರುಗಳಿಗೆ ಇನ್ನೊಂದು ಉದಾಹರಣೆ ನೆನಪಿರಬೇಕು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಪಾಠ ಫೋನಿಗೆ ಬಂತು. ಮಕ್ಕಳನ್ನು ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನಿನವರು, ಎಲ್ಲ ಇದ್ದವರು ಎಂದು ಮೂರು ಗುಂಪು ಮಾಡಿದ ‘ವಿದ್ಯಾಗಮ’ ಅದೇ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತುಹೋಯಿತು. ನಿಂತಿದ್ದು ಸೋಂಕಿನ ಭಯದಿಂದ. ಆದರೆ ಆಮೇಲೆ ಫೋನು ಇದ್ದವನ ಪಾಠ ಮುಂದುವರಿಯಿತು, ಇಲ್ಲದವನು ಕುರಿ ಹಿಂದೆ ಹೋದ. ಹೊಸ ಯಂತ್ರ ಹಳೆಯ ಊರಿಗೆ ಬಂದರೆ ಊರು ಮೊದಲು, ಕೇರಿ ಕಡೆಗೆ.

ಇಷ್ಟೆಲ್ಲ ಯಂತ್ರಗಳ ನಡುವೆ, ಅತ್ಯಂತ ಜರೂರಾಗಿ ಯಂತ್ರ ಬೇಕಾಗಿದ್ದ ಜಾಗ ಯಾವುದು? ಮ್ಯಾನ್‌ಹೋಲು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಆಜ್ಞೆ ಮಾಡಿದರು. 1993ರಲ್ಲೊಂದು ಕಾಯ್ದೆ, 2013ರಲ್ಲಿ ಮತ್ತೊಂದು ಕಾಯ್ದೆ ಆಯಿತು. ಹೀರುವ ಯಂತ್ರ, ನೀರು ಚಿಮ್ಮಿಸುವ ಯಂತ್ರ ಎಲ್ಲವೂ ಇವೆ. ಆದರೂ 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕಾಯಿತು. ಅಂದರೆ ಜನ ಇನ್ನೂ ಇಳಿಯುತ್ತಿದ್ದರು, ಸಾಯುತ್ತಿದ್ದರು. ಕಾರಣ ತಂತ್ರಜ್ಞಾನದ ಕೊರತೆಯಲ್ಲ. ಇಳಿಯುವವನ ಜಾತಿ ಮೊದಲೇ ಗೊತ್ತಾಗಿರುವಾಗ, ಯಂತ್ರಕ್ಕೆ ದುಡ್ಡು ಯಾಕೆ ಎನ್ನುವ ಮನಸ್ಸು. ಇಂಥ ಸಮಾಜದಲ್ಲಿ ಮನುಷ್ಯನೇ ಅಗ್ಗದ ಯಂತ್ರ.

ಆದ್ದರಿಂದ ಗೆಳೆಯರೇ, ಬೀಸುವ ಕಲ್ಲಿಗೆ ಹಿಂತಿರುಗಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಗುಂಡಿ ಒತ್ತಿದರೆ ಬಿಡುಗಡೆ ಎನ್ನುವವರನ್ನೂ ನಂಬಬೇಡಿ. ಯಂತ್ರ ನಮಗೆ ಬೇಕು, ಎಲ್ಲರಿಗಿಂತ ಹೆಚ್ಚು ನಮಗೇ ಬೇಕು. ಆದರೆ ಅದು ನಮ್ಮ ಕೇರಿಗೆ, ಶಾಲೆಗೆ, ಕೆಲಸದ ಜಾಗಕ್ಕೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಇದರಿಂದ ಯಾರ ಕೆಲಸ ಕಡಿಮೆಯಾಯಿತು, ಯಾರ ಕೆಲಸ ಹೆಚ್ಚಾಯಿತು? ಇದು ಕೆಟ್ಟರೆ ಯಾರ ಕೂಲಿ ಮುರಿಯುತ್ತೀರಿ? ನೆಟ್‌ವರ್ಕ್ ಇಲ್ಲದ ದಿನ ಕಾಗದದ ಹಾಜರಿ ಪುಸ್ತಕ ಯಾಕೆ ಸಲ್ಲದು? ಬೇಗ ಮುಗಿಸಿದವಳನ್ನು ಬೇಗ ಮನೆಗೆ ಯಾಕೆ ಬಿಡುವುದಿಲ್ಲ?

ನಮ್ಮ ಹಿರಿಯರು ಭೂಮಿಯಲ್ಲಿ ಪಾಲು ಕೇಳಿದರು, ಕೂಲಿಯಲ್ಲಿ ನ್ಯಾಯ ಕೇಳಿದರು. ನಾವು ಅವುಗಳ ಜೊತೆಗೆ ಹೊತ್ತಿನಲ್ಲೂ ಪಾಲು ಕೇಳಬೇಕಾಗಿದೆ. ಓದಲಿಕ್ಕೆ, ಸಂಘ ಕಟ್ಟಲಿಕ್ಕೆ, ಸುಮ್ಮನೆ ಒಂದು ಗಳಿಗೆ ಮರದಡಿ ಕೂರಲಿಕ್ಕೂ ಆ ಹೊತ್ತು ಬೇಕು.