ಬಲೂ ಹಾರಿಸಿದ ವಿಮಾನ

1990ರ ದಶಕದಲ್ಲಿ ದೂರದರ್ಶನ ಭಾನುವಾರಗಳಂದು ‘ಟೇಲ್‌ಸ್ಪಿನ್’ ಕಾರ್ಟೂನ್ ತೋರಿಸುತ್ತಿತ್ತು. ಮಾತೆಲ್ಲ ಹಿಂದಿ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸಂತೆಗಳಲ್ಲಿ ದಖನಿ ಉರ್ದು ಕೇಳುತ್ತಲೇ ಬೆಳೆಯುವ ನಮ್ಮ ಕಡೆಯ ಹುಡುಗರಿಗೆ ಅದೇನೂ ತೊಡಕಲ್ಲ.

ಡಿಸ್ನಿ 1990ರಲ್ಲಿ ತಂದ ಈ ಸರಣಿಯ 65 ಕಂತುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಪಾತ್ರಗಳ ಮರುಹುಟ್ಟು. ಕಿಪ್ಲಿಂಗ್‌ನ ಕಥೆಗಳ ಕಾಡಿನ ಕರಡಿ ಬಲೂ ಇಲ್ಲಿ ‘ಸೀ ಡಕ್’ ಎಂಬ ಸರಕು ವಿಮಾನದ ಪೈಲಟ್. ಶೇರ್ ಖಾನ್ ಸೂಟು ತೊಟ್ಟ ಸಾಹುಕಾರ. ಆ ಹುಲಿ ಗರ್ಜಿಸಬೇಕಿಲ್ಲ. ತಣ್ಣಗೆ ನಾಲ್ಕು ಮಾತಾಡಿದರೆ ಎದುರಿಗಿದ್ದವರು ಬೆವರುತ್ತಾರೆ. ಎಂಥ ಬರವಣಿಗೆ! ಬಲೂ ಸೋಮಾರಿ, ಲೆಕ್ಕಪತ್ರ ಅವನಿಗೆ ಆಗಿಬರದು. ಅವನ ವಿಮಾನವನ್ನೇ ಕೊಂಡು ಒಡತಿಯಾದ ರೆಬೆಕ್ಕಾಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಬೇಕು. ಇವರಿಬ್ಬರ ಜಟಾಪಟಿಯೇ ಸರಣಿಯ ಜೀವ.

ಮಾತಾಡುವ ಪ್ರಾಣಿಗಳು ಕನ್ನಡಕ್ಕೆ ಹಳೆಯ ನೆಂಟರು; 11ನೇ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ತಂದಿದ್ದ. ನಿಜವಾದ ಕರಡಿಗಳೂ ದೂರವಿಲ್ಲ. ತುಂಗಭದ್ರೆ ದಾಟಿದರೆ ದರೋಜಿ ಕರಡಿಧಾಮವಿದೆ. ಬಲೂವನ್ನು ಮೆಚ್ಚಿದ ಮಕ್ಕಳನ್ನು ಒಮ್ಮೆ ಅಲ್ಲಿಗೂ ಕರೆದೊಯ್ಯಬೇಕು.