ಬಣ್ಣ ಕೊಟ್ಟು ಆಳ ಕೊಂಡ ಚಿತ್ರ

2023ರ ಸೆಪ್ಟೆಂಬರ್ 5ರಂದು ಇಸ್ರೋ ಒಂದು ಚಿತ್ರ ಬಿಡುಗಡೆ ಮಾಡಿತು. ಚಂದ್ರನ ನೆಲದ ಮೇಲೆ ನಿಂತ ವಿಕ್ರಮ್ ಲ್ಯಾಂಡರ್. ಪ್ರಗ್ಯಾನ್ ರೋವರ್ ತೆಗೆದದ್ದು. ಆದರೆ ಅಂಚುಗಳಲ್ಲೆಲ್ಲ ಕೆಂಪು ಮತ್ತು ತಿಳಿನೀಲಿ ಬೇರೆ ಬೇರೆಯಾಗಿ ಸರಿದುಕೊಂಡು, ಅಚ್ಚುಮನೆಯಲ್ಲಿ ಬಣ್ಣ ಜರುಗಿದ ಕ್ಯಾಲೆಂಡರಿನ ಹಾಗೆ ಕಾಣುತ್ತಿತ್ತು. ಇದನ್ನು ಕೆಂಪು-ಸಯಾನ್ ಕನ್ನಡಕ ಹಾಕಿಕೊಂಡು ನೋಡಬೇಕು ಎಂದು ಇಸ್ರೋ ಜೊತೆಯಲ್ಲೇ ಬರೆದಿತ್ತು. ನನ್ನ ಫೋನಿಗೆ ನಾಲ್ಕೈದು ಗುಂಪುಗಳಿಂದ ಬಂದ ಪ್ರತಿಗಳಲ್ಲಿ ಆ ಸಾಲು ಉಳಿದಿರಲಿಲ್ಲ. ಉಳಿದದ್ದು ಬಾವುಟದ ಇಮೋಜಿ.

ಚಂದ್ರಯಾನ-3 ನಮಗೆ ಕೊಟ್ಟ ಚಿತ್ರಗಳಲ್ಲಿ ಇದೇ ಅತ್ಯುತ್ತಮವಾದದ್ದು, ಮತ್ತು ಹೆಚ್ಚಿನವರು ನಿಜವಾಗಿ ನೋಡದೆ ಉಳಿದದ್ದೂ ಇದೇ ಎಂಬುದು ನನ್ನ ವಾದ. ಹೈದರಾಬಾದಿನಲ್ಲಿ ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡುವ ಕೆಲಸದಲ್ಲಿರುವ ನನಗೆ ಈ ಬಗೆಯ ಚಿತ್ರದ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇದಕ್ಕೆ ಅನಾಗ್ಲಿಫ್ ಎಂದು ಹೆಸರು. ಉಪಾಯ ಸರಳ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಒಂದೇ ವಸ್ತು ಎರಡು ಕಣ್ಣಿಗೂ ತುಸು ಬೇರೆ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸವನ್ನು ಮೆದುಳು ದೂರವಾಗಿ, ಆಳವಾಗಿ ಓದಿಕೊಳ್ಳುತ್ತದೆ. ಅನಾಗ್ಲಿಫ್‌ನಲ್ಲಿ ಎಡಗಣ್ಣಿನ ಚಿತ್ರವನ್ನು ಕೆಂಪಿನಲ್ಲಿ, ಬಲಗಣ್ಣಿನ ಚಿತ್ರವನ್ನು ಹಸಿರು-ನೀಲಿಯಲ್ಲಿ ಇಟ್ಟು ಎರಡನ್ನೂ ಒಂದರ ಮೇಲೊಂದು ಕೂರಿಸುತ್ತಾರೆ. ಕನ್ನಡಕದ ಎಡಗಡೆಯ ಕೆಂಪು ಹಾಳೆ ಕೆಂಪನ್ನು ಮಾತ್ರ ಒಳಗೆ ಬಿಡುತ್ತದೆ, ಬಲಗಡೆಯದು ಉಳಿದ ಎರಡನ್ನು. ಒಂದೇ ಹಾಳೆಯಲ್ಲಿರುವ ಎರಡು ಚಿತ್ರಗಳು ಹೀಗೆ ತಮ್ಮ ತಮ್ಮ ಕಣ್ಣನ್ನು ಸೇರುತ್ತವೆ.

ಇದು ಹಳೆಯ ವಿದ್ಯೆ. ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಕನ್ನಡಿಗಳ ಸ್ಟೀರಿಯೊಸ್ಕೋಪನ್ನು ವಿವರಿಸಿದ. ಹದಿನೈದು ವರ್ಷದ ಮೇಲೆ, 1853ರಲ್ಲಿ, ಜರ್ಮನಿಯ ವಿಲ್‌ಹೆಲ್ಮ್ ರೋಲ್‌ಮನ್ ಕನ್ನಡಿಗಳ ಬದಲು ಬಣ್ಣದ ಗಾಜು ಸಾಕೆಂದು ತೋರಿಸಿದ. ಅಚ್ಚಿನಲ್ಲಿ ಅದನ್ನು ತಂದು 1891ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಲೂಯಿ ದ್ಯುಕೊ ದ್ಯು ಒರೋ. ಇವನೇ 1860ರ ದಶಕದ ಕೊನೆಯಲ್ಲಿ ಮೂರು ಬಣ್ಣಗಳಿಂದ ವರ್ಣಛಾಯಾಚಿತ್ರ ಮಾಡುವ ದಾರಿ ಹುಡುಕಿದವರಲ್ಲಿ ಒಬ್ಬ. ಕಪ್ಪು-ಬಿಳಿ ಫೋಟೋಗೆ ಬಣ್ಣ ತರಲು ಅಷ್ಟು ಹೆಣಗಿದ ಮನುಷ್ಯನೇ, ಬಣ್ಣವನ್ನು ನುಂಗಿ ಆಳವನ್ನು ಉಗುಳುವ ವಿದ್ಯೆಯನ್ನೂ ಅಚ್ಚಿಗೆ ತಂದ.

ಈ ವಿದ್ಯೆ ಬಣ್ಣವನ್ನು ನುಂಗುತ್ತದೆ ಎಂಬುದೇ ಅದರ ವಿಮರ್ಶೆಯ ತಿರುಳು. ಕೆಂಪು ದಾಸವಾಳವೊಂದನ್ನು ಅನಾಗ್ಲಿಫ್ ಮಾಡಿ ನೋಡಿ. ಎಡಗಣ್ಣಿಗೆ ಅದು ಬೆಳ್ಳಗೆ ಹೊಳೆಯುತ್ತದೆ, ಬಲಗಣ್ಣಿಗೆ ಇದ್ದಿಲಿನಂತೆ ಕಪ್ಪು. ಮೆದುಳಿಗೆ ಎರಡನ್ನೂ ಒಂದು ಹೂವೆಂದು ಒಪ್ಪಿಕೊಳ್ಳಲು ಆಗುವುದಿಲ್ಲ. ಒಮ್ಮೆ ಇದು, ಒಮ್ಮೆ ಅದು ಎಂದು ಮಿನುಗುತ್ತಾ ತಲೆನೋವು ತರುತ್ತದೆ. ಹಣೆಯ ಕುಂಕುಮ, ಕೆಂಪು ಸೀರೆ ಎಲ್ಲಕ್ಕೂ ಇದೇ ಗತಿ. ಇದನ್ನು ತಪ್ಪಿಸಲು ಕೆಂಪನ್ನು ಮೊದಲೇ ಮಾಸಲು ಮಾಡುತ್ತಾರೆ, ಇಲ್ಲವೇ ಇಡೀ ಚಿತ್ರವನ್ನು ಬೂದು ಬಣ್ಣಕ್ಕೆ ಇಳಿಸುತ್ತಾರೆ. ಯಾವ ದಾರಿ ಹಿಡಿದರೂ ಬೆಲೆ ತೆರುವುದು ಬಣ್ಣವೇ.

ಸಿನಿಮಾದಲ್ಲಿ ಅನಾಗ್ಲಿಫ್ ಸೋತದ್ದು ಇಲ್ಲಿ. ಲಾಸ್ ಏಂಜಲೀಸಿನಲ್ಲಿ 1922ರಲ್ಲೇ 'ದಿ ಪವರ್ ಆಫ್ ಲವ್' ಎಂಬ ಚಿತ್ರವನ್ನು ಹೀಗೆ ತೋರಿಸಿದ್ದರು. ಆಗ ಬಹುಪಾಲು ಸಿನಿಮಾಗಳಿಗೆ ಬಣ್ಣವಿರಲಿಲ್ಲವಾದ್ದರಿಂದ ಕಳೆದುಕೊಳ್ಳುವುದು ಕಡಿಮೆ ಇತ್ತು. 2003ರ 'ಸ್ಪೈ ಕಿಡ್ಸ್ 3-ಡಿ' ಮಕ್ಕಳಿಗೆಂದೇ ಮಾಡಿದ ಬಣ್ಣಬಣ್ಣದ ಲೋಕ. ಅದನ್ನು ಕೆಂಪು-ನೀಲಿ ಕನ್ನಡಕದಲ್ಲಿ ತೋರಿಸಿದ್ದು, ಹೋಳಿಗೆ ಬಡಿಸಿ ಬೆಲ್ಲ ತೆಗೆದುಕೊಂಡ ಹಾಗೆ. 1984ರ 'ಮೈ ಡಿಯರ್ ಕುಟ್ಟಿಚಾತನ್' ನೋಡಿದವರ ನೆನಪಿನಲ್ಲಿ ಕೆಂಪು-ನೀಲಿ ಕನ್ನಡಕ ಕುಳಿತಿದ್ದರೆ ಅದು ನೆನಪಿನ ಆಟ. ಆ ಚಿತ್ರ ಬಳಸಿದ್ದು ಪೋಲರಾಯ್ಡ್ ಕನ್ನಡಕ. ಅದಕ್ಕೆ ಬಣ್ಣ ಉಳಿಯುತ್ತದೆ, ಆದರೆ ಬೆಳ್ಳಿ ಲೇಪದ ತೆರೆ ಬೇಕು.

ಬಣ್ಣದ ದಾರಿಯಲ್ಲೇ ಬಣ್ಣ ಉಳಿಸುವ ಯತ್ನವೂ ನಡೆದಿದೆ. ಡಾಲ್ಬಿ 3ಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಎರಡೆರಡು ಸಣ್ಣ ಪಟ್ಟಿಗಳಾಗಿ ಸೀಳುತ್ತಾರೆ. ಎಡಗಣ್ಣಿಗೆ ಒಂದು ಕೆಂಪು, ಬಲಗಣ್ಣಿಗೆ ಅದರ ಪಕ್ಕದ ಇನ್ನೊಂದು ಕೆಂಪು. ದಾಸವಾಳ ಎರಡೂ ಕಣ್ಣಿಗೆ ದಾಸವಾಳವಾಗಿಯೇ ಉಳಿಯುತ್ತದೆ. ಜಾಣತನದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಆ ಕನ್ನಡಕದ ಗಾಜಿಗೆ ಪದರ ಪದರವಾಗಿ ಲೇಪ ಹಚ್ಚಬೇಕು, ಆದ್ದರಿಂದ ದುಬಾರಿ. ಆಟ ಮುಗಿದ ಮೇಲೆ ಬಾಗಿಲಲ್ಲಿ ವಾಪಸು ಕೊಟ್ಟು ಬರಬೇಕು. ಅನಾಗ್ಲಿಫ್ ಕನ್ನಡಕ ರಟ್ಟು ಮತ್ತು ಎರಡು ತುಂಡು ಜಿಲೇಟಿನ್ ಪೇಪರಿನದು. ಅದು ನೋಡುವವನ ಸ್ವಂತ. ಚಿತ್ರವೂ ಹಾಗೆಯೇ: ಪತ್ರಿಕೆಯ ಪುಟ, ಫೋನಿನ ಪರದೆ, ಸುಣ್ಣ ಬಳಿದ ಗೋಡೆ, ಯಾವುದಾದರೂ ಆದೀತು.

ಹಾಗಾದರೆ ಕೊಡಲು ಬಣ್ಣವೇ ಇಲ್ಲದ, ಆದರೆ ಆಳ ತೀರಾ ಬೇಕಾದ ಜಾಗ ಯಾವುದು? ಚಂದ್ರ.

ಚಂದ್ರನ ನೆಲ ಬಹುಪಾಲು ಬೂದು. ಬೂದನ್ನು ಕೆಂಪು ಮತ್ತು ಸಯಾನ್ ಆಗಿ ಸೀಳಿದರೆ ಕಳೆದುಹೋಗುವುದು ಏನೂ ಇಲ್ಲ. ಇನ್ನೊಂದು ಕಡೆ, ಭೂಮಿಯ ಮೇಲೆ ದೂರವನ್ನು ಅಂದಾಜಿಸಲು ನಮಗೆ ನೆರವಾಗುವ ಯಾವುದೂ ಅಲ್ಲಿಲ್ಲ. ಮರವಿಲ್ಲ, ಮನೆಯಿಲ್ಲ, ದೂರದ ಗುಡ್ಡವನ್ನು ಮಸುಕಾಗಿಸುವ ಗಾಳಿಯಿಲ್ಲ. 1971ರಲ್ಲಿ ಅಪೊಲೊ 14ರ ಶೆಪರ್ಡ್ ಮತ್ತು ಮಿಚೆಲ್ ಕೋನ್ ಕುಳಿಯ ಅಂಚನ್ನು ಹುಡುಕುತ್ತಾ ಸುಮಾರು 30 ಮೀಟರಿನಷ್ಟು ಹತ್ತಿರ ಹೋಗಿಯೂ ಅದನ್ನು ಕಾಣದೆ ಹಿಂದಿರುಗಿದರು. ಕಣ್ಣಳತೆ ಅಲ್ಲಿ ಅಷ್ಟು ಮೋಸ ಮಾಡುತ್ತದೆ. ಒಂಟಿ ಫೋಟೋ ಇನ್ನೂ ಹೆಚ್ಚು ಮೋಸ ಮಾಡುತ್ತದೆ: ಚಂದ್ರನ ಕುಳಿಯ ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರೆ ಕುಳಿ ದಿಬ್ಬವಾಗಿ ಕಾಣುವುದುಂಟು.

ಇದು ಬರೀ ಅಂದಚಂದದ ಮಾತಾಗಿರಲಿಲ್ಲ. ಆಗಸ್ಟ್ 27ರಂದು ಪ್ರಗ್ಯಾನ್ ಎದುರು, ಮೂರು ಮೀಟರ್ ಮುಂದೆ, ನಾಲ್ಕು ಮೀಟರ್ ಅಗಲದ ಕುಳಿ ಸಿಕ್ಕಿತು. ರೋವರಿಗೆ ಬಂದ ದಾರಿಯಲ್ಲೇ ಹಿಂದಿರುಗಲು ಆದೇಶ ಹೋಯಿತು. ಸೆಕೆಂಡಿಗೆ ಒಂದು ಸೆಂಟಿಮೀಟರ್ ನಡೆಯುವ ಗಾಡಿಗೆ ತಗ್ಗು ಯಾವುದು, ದಿಣ್ಣೆ ಯಾವುದು ಎಂಬುದು ಪ್ರಾಣದ ಪ್ರಶ್ನೆ. ಅದಕ್ಕಾಗಿಯೇ ಅದರ ಮುಂದೆ ಅಕ್ಕಪಕ್ಕ ಎರಡು ನ್ಯಾವ್‌ಕ್ಯಾಮ್‌ಗಳಿದ್ದವು. ಅವನ್ನು ಮಾಡಿದ್ದು ಬೆಂಗಳೂರಿನ ಲಿಯೋಸ್, ಚಿತ್ರಗಳನ್ನು ಸಂಸ್ಕರಿಸಿದ್ದು ಅಹಮದಾಬಾದಿನ ಸ್ಯಾಕ್. ನಾವು ಫಾರ್ವರ್ಡ್ ಮಾಡಿದ ಚಿತ್ರ, ರೋವರಿಗೆ ದಾರಿ ತೋರಿದ ಆ ಕಣ್ಣುಗಳದ್ದೇ.

ನನ್ನ ಕೆಲಸದಲ್ಲೂ ಹೀಗೆಯೇ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ರಲ್ಲಿ ಎರಡು ಕಪ್ಪು-ಬಿಳಿ ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ ವಾಲಿ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿ ಒಂದೇ ನೆಲವನ್ನು ನೋಡುತ್ತಿದ್ದವು. ಆ ಜೋಡಿಯನ್ನು ಅನಾಗ್ಲಿಫ್ ಮಾಡಿದಾಗ ಚಪ್ಪಟೆ ಬೂದು ಹಾಳೆಯಿಂದ ಕೆರೆಯ ಏರಿ ಎದ್ದು ನಿಲ್ಲುವುದನ್ನು ಎಷ್ಟು ಸಲ ಕಂಡರೂ ನನಗೆ ಬೇಸರ ಬಂದಿಲ್ಲ.

ಇಷ್ಟಾದರೂ ಇಸ್ರೋ ಚಿತ್ರದ ಬಗ್ಗೆ ನನಗೆ ಎರಡು ತಕರಾರುಗಳಿವೆ. ಒಂದು, ಕನ್ನಡಕ ಬೇಕೆಂದು ಹೇಳಿದ್ದಷ್ಟೇ ಸಾಲದು. ಅದನ್ನು ಮಾಡಿಕೊಳ್ಳುವುದು ಹೇಗೆಂದು ನಾಲ್ಕು ಸಾಲು ಕನ್ನಡದಲ್ಲೂ ಉಳಿದ ಭಾಷೆಗಳಲ್ಲೂ ಚಿತ್ರದ ಒಳಗೇ ಅಚ್ಚಾಗಿದ್ದರೆ, ಯಾವ ಫಾರ್ವರ್ಡೂ ಅದನ್ನು ಉದುರಿಸುತ್ತಿರಲಿಲ್ಲ. ಎರಡು, ಒಂದೇ ಕಣ್ಣಿನ ದೃಷ್ಟಿ ಇರುವವರಿಗೆ, ಬಾಲ್ಯದ ಮೆಳ್ಳಗಣ್ಣಿನಿಂದ ಎರಡು ನೋಟಗಳು ಕೂಡದವರಿಗೆ ಯಾವ ಕನ್ನಡಕವೂ ಈ ಆಳ ತೋರಿಸಲಾರದು. ಎಡ-ಬಲ ಚಿತ್ರಗಳನ್ನು ಒಂದಾದ ಮೇಲೊಂದು ಅಲುಗಾಡಿಸಿ ತೋರಿಸಿದರೆ ಅವರಿಗೂ ಹತ್ತಿರ-ದೂರಗಳ ಅಂದಾಜು ಸಿಗುತ್ತದೆ. ಅದನ್ನೂ ಜೊತೆಗಿಡಬಹುದಿತ್ತು.

ಎರಡು ನೋಟ, ಒಂದು ಆಳ ಎಂದಕೂಡಲೇ ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ರೂಪಕ ಕೈಗೆ ಸಿಕ್ಕಿಬಿಡುತ್ತದೆ: ಒಂದು ಕಣ್ಣು ಊರಿನ ಮೇಲೆ, ಇನ್ನೊಂದು ಈ ನಗರದ ಮೇಲೆ. ನಾನದನ್ನು ಬಳಸಲಾರೆ. ಈ ಚಿತ್ರ ಕೂಡಿಬರುವುದು ಎರಡು ಕಣ್ಣುಗಳೂ ಒಂದೇ ನೆಲವನ್ನು ನೋಡಿದಾಗ.

ಆದ್ದರಿಂದ ರೂಪಕ ಬಿಟ್ಟು ಸ್ಟೇಷನರಿ ಅಂಗಡಿಗೆ ಹೋಗಿ. ಒಂದು ಕೆಂಪು, ಒಂದು ತಿಳಿನೀಲಿ ಜಿಲೇಟಿನ್ ಪೇಪರ್ ತನ್ನಿ. ಬಣ್ಣ ತೆಳುವಾಗಿದ್ದರೆ ಎರಡು ಪದರ ಮಡಚಿ. ಮದುವೆಯ ಕರೆಯೋಲೆಯ ರಟ್ಟಿನಲ್ಲಿ ಎರಡು ಕಿಟಕಿ ಕೊರೆದು ಅಂಟಿಸಿ. ಕೆಂಪು ಎಡಗಡೆಗೇ ಬರಬೇಕು. ಚಿತ್ರವನ್ನು ಫೋನಿನಲ್ಲಿ ನೋಡದೆ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ, ಕೋಣೆಯ ದೀಪ ಆರಿಸಿ, ಅರ್ಧ ನಿಮಿಷ ಸುಮ್ಮನೆ ನೋಡಿ. ಮೊದಲು ಹತ್ತಿರದ ನೆಲ ಮಲಗುತ್ತದೆ. ಆಮೇಲೆ ಲ್ಯಾಂಡರ್ ತನ್ನ ಕಾಲುಗಳ ಮೇಲೆ, ನೆಲದಿಂದ ಬೇರೆಯಾಗಿ, ಎದ್ದು ನಿಲ್ಲುತ್ತದೆ.