ಪಟ್ಟಿಯೊಂದು ಪುಸ್ತಕವಾಗುವ ಬಗೆ

ಕಥೆ, ಕಾದಂಬರಿ, ಕವನ ಸಂಕಲನಗಳ ಮಾತೇ ತುಂಬಿರುವ ಈ ಪುಟಕ್ಕೆ ಈ ಬಾರಿ ಪ್ರೋಗ್ರಾಮಿಂಗ್ ಪುಸ್ತಕವೊಂದು ನುಸುಳಿದೆ. ಹುಬ್ಬೇರಿಸಬೇಡಿ. ನಮ್ಮ ಬಳಗದಲ್ಲಿ ಬಹುಮಂದಿ ಈ ದೇಶದಲ್ಲಿ ಅನ್ನ ಕಂಡಿದ್ದು ಇಂಥ ಪುಸ್ತಕಗಳಿಂದಲೇ. ಊರಿನಿಂದ ಹೊರಟಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿಗಳ ನಡುವೆ ಕಾದಂಬರಿಗೆ ಜಾಗವಾಗದಿದ್ದರೂ ಇವಕ್ಕೆ ಆಗಿತ್ತು. ಹಾಗಿದ್ದೂ ಇವನ್ನು ನಾವು ‘ಓದು’ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ಮುಗಿದ ಮೇಲೆ ಹಳೆಯ ಪಂಚಾಂಗದಂತೆ ಗರಾಜಿಗೆ ಹೋಗುತ್ತವೆ. ಒಂದೆರಡು ಮಾತ್ರ ಕಪಾಟಿನಲ್ಲೇ ಉಳಿದುಬಿಡುತ್ತವೆ. ಏಕೆ?

ನಮ್ಮ ಕಪಾಟಿನಲ್ಲಿ ಹೀಗೆ ಉಳಿದದ್ದು ಪಿ. ಜೆ. ಪ್ಲಾಗರ್ ಅವರ ‘ದಿ ಸ್ಟ್ಯಾಂಡರ್ಡ್ ಸಿ ಲೈಬ್ರರಿ’ (1992). ಇಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಪದದ ಉದ್ದ ಅಳೆಯುವುದು, ಗಡಿಯಾರ ನೋಡುವುದು, ಫೈಲು ತೆರೆಯುವುದು ಮುಂತಾಗಿ ಎಲ್ಲರಿಗೂ ಬೇಕಾಗುವ ಕೆಲಸಗಳಿಗೆ ಮೊದಲೇ ಬರೆದಿಟ್ಟ ಕೋಡ್. ಅದರ ಬಗ್ಗೆ ಪುಸ್ತಕ ಬರೆಯುವ ಸುಲಭ ದಾರಿ ಅಕಾರಾದಿಯಾಗಿ ಪಟ್ಟಿ ಕೊಟ್ಟುಬಿಡುವುದು. ಅಂಥ ಪಟ್ಟಿ ಇಂದು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕೋಡನ್ನೇ ಬರೆದುಕೊಡುತ್ತದೆ.

ಪ್ಲಾಗರ್ ಆ ಸುಲಭ ದಾರಿ ಹಿಡಿಯಲಿಲ್ಲ. ಅಂದಿನ ಸಿ ಲೈಬ್ರರಿಯ 15 ಹೆಡರ್‌ಗಳಿಗೆ 15 ಅಧ್ಯಾಯ. ಪ್ರತಿ ಅಧ್ಯಾಯದಲ್ಲೂ ಮೊದಲು ಹಿನ್ನೆಲೆ, ಆಮೇಲೆ ಸ್ಟ್ಯಾಂಡರ್ಡ್ ವಿಧಿಸುವ ನಿಯಮ, ಬಳಸುವ ಬಗೆ, ನಂತರ ಅದನ್ನು ನಿಜವಾಗಿ ಮಾಡಿ ತೋರಿಸುವ ಪೂರ್ತಿ ಕೋಡ್, ಕಡೆಗೆ ಪರೀಕ್ಷೆ ಮತ್ತು ಅಭ್ಯಾಸ. ಸಿ ಭಾಷೆಯ ಸ್ಟ್ಯಾಂಡರ್ಡ್ ರೂಪಿಸಿದ ಅಮೆರಿಕದ ಸಮಿತಿಯಲ್ಲಿ ಲೈಬ್ರರಿ ಉಪಸಮಿತಿಯ ಮುಖ್ಯಸ್ಥರಾಗಿದ್ದವರು ಇವರೇ. ನಿಯಮ ಬರೆಯುವಲ್ಲಿ ಕೂತಿದ್ದವರೇ ಒಲೆಯ ಮುಂದೆ ನಿಂತು ಅಡುಗೆಯನ್ನೂ ಮಾಡಿ ಬಡಿಸಿದ ಹಾಗೆ. ಅಂದಹಾಗೆ ಇವರು ವೈಜ್ಞಾನಿಕ ಕಥೆಗಾರರೂ ಹೌದು. ಹೊಸ ಲೇಖಕರಿಗೆಂದು ಆಗ ಕೊಡುತ್ತಿದ್ದ ಜಾನ್ ಡಬ್ಲ್ಯು. ಕ್ಯಾಂಬೆಲ್ ಪ್ರಶಸ್ತಿ 1975ರಲ್ಲಿ ಇವರಿಗೆ ಬಂದಿತ್ತು.

ಇಂಥ ಓದಿನ ಬೆಲೆ ನಮಗೆ ತಿಳಿದದ್ದು ಒಂದು ರಾಜ್ಯೋತ್ಸವದ ಮುನ್ನಾದಿನ. ಅತಿಥಿಗಳ ಹೆಸರನ್ನು ಕನ್ನಡದಲ್ಲೇ ಅಚ್ಚು ಹಾಕೋಣವೆಂದು ನಮ್ಮವರೇ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಹೆಸರಿಗೆ 20 ‘ಅಕ್ಷರ’ ಸಾಕೆಂದುಕೊಂಡರು. ‘ವೆಂಕಟೇಶಮೂರ್ತಿ’ಯಂಥ ಹೆಸರು ‘ವೆಂಕಟೇ’ ಎಂದಷ್ಟೇ ಬಂದು, ಬಾಲಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಕೊಂಡಿತು! ಹೆಸರು ಕತ್ತರಿಸಿಕೊಂಡವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಕಾರಣ ಸರಳ. ಉದ್ದ ಅಳೆಯುವ ‘ಸ್ಟ್ರ್‌ಲೆನ್’ ಅಕ್ಷರ ಎಣಿಸುವುದಿಲ್ಲ. ಸೊನ್ನೆ ಸಿಗುವವರೆಗೆ ಬೈಟುಗಳನ್ನು ಎಣಿಸುತ್ತದೆ. ‘ಕನ್ನಡ’ ಎಂಬ ಪದ ನಮ್ಮ ಕಿವಿಗೆ ಮೂರು ಅಕ್ಷರ, ಯೂನಿಕೋಡಿಗೆ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟು. ಯುಟಿಎಫ್-8 ರೂಪುಗೊಂಡದ್ದೂ 1992ರಲ್ಲೇ. ಪ್ಲಾಗರ್ ಪುಸ್ತಕ ನಮ್ಮ ಲಿಪಿಯ ಈ ತೊಡಕನ್ನು ಬಿಡಿಸಲು ಹೊರಟದ್ದಲ್ಲ. ಆದರೆ ಆ ಫಂಕ್ಷನ್ನಿನ ಹೊಟ್ಟೆಯೊಳಗೆ ಏನಿದೆ ಎಂದು ಅಲ್ಲಿ ಒಮ್ಮೆ ನೋಡಿದವರಿಗೆ ಹೆಸರು ಏಕೆ ತುಂಡಾಯಿತೆಂದು ಹೊಳೆಯಲು ಐದು ನಿಮಿಷ ಸಾಕು. ತನಗೆ ಯಾರೂ ಕೇಳದಿದ್ದ ಪ್ರಶ್ನೆಗೂ ಉತ್ತರ ಹುಡುಕುವ ಶಕ್ತಿಯನ್ನು ಓದುಗರಿಗೆ ಕೊಡುವುದು – ಒಳ್ಳೆಯ ಲೈಬ್ರರಿ ಪುಸ್ತಕದ ಗುಣ ಇದೇ ಎಂದು ನಮ್ಮ ಅನಿಸಿಕೆ.

ಸ್ಕಾಟ್ ಮೇಯರ್ಸ್ ಅವರ ‘ಎಫೆಕ್ಟಿವ್ ಎಸ್‌ಟಿಎಲ್’ (2001) ಇದೇ ಗುಣವನ್ನು ಬೇರೆ ರೀತಿಯಲ್ಲಿ ತೋರುತ್ತದೆ. ಸಿ ಪ್ಲಸ್ ಪ್ಲಸ್ ಲೈಬ್ರರಿಯ ಬಗ್ಗೆ 50 ಬುದ್ಧಿಮಾತುಗಳು ಅದರಲ್ಲಿವೆ. ‘ರಿಮೂವ್’ ಎಂಬ ಫಂಕ್ಷನ್ ಏನನ್ನೂ ತೆಗೆದುಹಾಕುವುದಿಲ್ಲ, ಉಳಿಯಬೇಕಾದವನ್ನು ಮುಂದಕ್ಕೆ ಸರಿಸುತ್ತದಷ್ಟೆ, ಬೇಡವಾದದ್ದನ್ನು ಅಳಿಸಲು ‘ಇರೇಸ್’ ಬೇಕೇ ಬೇಕು ಎಂದು ಎಚ್ಚರಿಸುತ್ತಾರೆ. ಅಷ್ಟಕ್ಕೇ ನಿಲ್ಲದೆ ಕಾರಣವನ್ನೂ ಹೇಳುತ್ತಾರೆ: ಆ ಫಂಕ್ಷನ್ನಿಗೆ ಸಾಲಿನ ಆದಿ ಅಂತ್ಯಗಳು ಮಾತ್ರ ಗೊತ್ತು, ಸಾಲನ್ನು ಹಿಡಿದಿಟ್ಟ ಪಾತ್ರೆ ಗೊತ್ತಿಲ್ಲ. ಎಚ್ಚರಿಕೆ ಮರೆತುಹೋದೀತು, ಕಾರಣ ಮರೆಯುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಪ್ಲಾಗರ್ ಕೋಡ್ ಬಿಗಿ. ಮೊಟಕು ಹೆಸರುಗಳ ನಡುವೆ ಹೊಸಬರು ಉಸಿರುಗಟ್ಟುತ್ತಾರೆ. ಕಾಲವೂ ಬಿಟ್ಟಿಲ್ಲ. ಅವರು ವಿವರಿಸಿದ ಲೈಬ್ರರಿಯಲ್ಲಿದ್ದ ‘ಗೆಟ್ಸ್’ ಎಂಬ ಅಪಾಯಕಾರಿ ಫಂಕ್ಷನ್ನನ್ನು ಸಿ ಭಾಷೆ 2011ರಲ್ಲಿ ಹೊರಹಾಕಿತು. ಮೇಯರ್ಸ್ ಎಚ್ಚರಿಕೆ ಕೊಟ್ಟಿದ್ದ ‘ಆಟೊ ಪಾಯಿಂಟರ್’ 2017ರ ಸ್ಟ್ಯಾಂಡರ್ಡ್‌ನಿಂದ ಮಾಯವಾಯಿತು. ಇವತ್ತಿನ ಕೆಲಸಕ್ಕೆ ಇವನ್ನೇ ಕೈಪಿಡಿಯಾಗಿ ಹಿಡಿದರೆ ಎಡವುವುದು ಖಂಡಿತ. ಪಟ್ಟಿಯಾಗಿ ಇವು ಸವೆದಿವೆ, ಪುಸ್ತಕವಾಗಿ ಉಳಿದಿವೆ.

ಕೋಡನ್ನು ಯಂತ್ರವೇ ಬರೆದುಕೊಡುವ ಈ ದಿನಗಳಲ್ಲಿ, ಬಂದದ್ದು ಸರಿಯೇ ತಪ್ಪೇ ಎಂದು ನೋಡುವ ಕಣ್ಣು ನಮ್ಮದೇ ಆಗಿರಬೇಕಲ್ಲವೆ? ಆ ಕಣ್ಣು ಪಟ್ಟಿಯಿಂದ ಬರುವುದಿಲ್ಲ. ಗರಾಜು ಖಾಲಿ ಮಾಡುವ ಮುನ್ನ ಒಮ್ಮೆ ಕೈಯಾಡಿಸಿ ನೋಡಿ. ನಿಮ್ಮ ಕಪಾಟಿನಲ್ಲಿ ಯಾವುದು ಉಳಿದಿದೆ, ಏಕೆ ಉಳಿದಿದೆ – ಬರೆದು ತಿಳಿಸಿ. ಹೆಸರು ಎಷ್ಟೇ ಉದ್ದವಿರಲಿ, ಈ ಸಲ ಪೂರ್ತಿ ಅಚ್ಚು ಹಾಕುತ್ತೇವೆ.